ಕೂತವರ ಪಗಾರ, ಕಡಿಯುವವರ ಸಾಲ

ಸಕ್ಕರೆ ಕಾರ್ಖಾನೆಗಳ ಹಂಗಾಮು ಮುಗಿದು ಚಿಮಣಿಯ ಹೊಗೆ ನಿಂತಿತೆಂದರೆ ಜುಗೂಳ, ಮಂಗಾವತಿ, ಶಹಾಪುರದ ಕಟ್ಟೆಗಳ ಮೇಲೆ ಒಂದು ಮಾತು ತಪ್ಪುವುದಿಲ್ಲ: "ಇವರಿಗೆ ಕುಂತಲ್ಲೇ ಪಗಾರ ಬರತೈತಿ, ನಮಗ ಹೊಲಕ್ಕ ಆಳ ಸಿಗವಲ್ಲು. ನಾಕು ತಿಂಗಳ ಇವರನ್ನ ಹೊಲಕ್ಕ ಹಚ್ಚಿದ್ರ ಯಾರ ಗಂಟು ಹೋಗತೈತಿ?" ಇವರು ಅಂದರೆ ಆಫ್‌ಸೀಸನ್‌ನಲ್ಲಿ ರಿಟೆನ್ಷನ್ ಭತ್ಯೆ ಪಡೆಯುವ ಕಾರ್ಖಾನೆಯ ಸೀಸನ್ ನೌಕರರು. ಮಾತು ಬೆಳೆದರೆ ಉದ್ಯೋಗ ಖಾತ್ರಿಯವರೂ ಗೃಹಲಕ್ಷ್ಮಿಯ ಹೆಣ್ಣುಮಕ್ಕಳೂ ಅದೇ ಸಾಲಿಗೆ ಬಂದು ಕೂರುತ್ತಾರೆ. ದುಡಿಯದೆ ಉಣ್ಣುವವರ ಪಟ್ಟಿ ನಮ್ಮ ಸೀಮೆಯಲ್ಲಿ ವರ್ಷದಿಂದ ವರ್ಷಕ್ಕೆ ಉದ್ದವಾಗುತ್ತಿದೆ. ಹೊಲ ಪಾಲಿಗೆ ಕೊಟ್ಟು ಪೇಟೆಯಲ್ಲಿ ಕೂತ ಮಾಲೀಕನ ಹೆಸರು ಮಾತ್ರ ಅದರಲ್ಲಿ ಎಂದೂ ಬರುವುದಿಲ್ಲ.

ಕಟ್ಟೆಯ ಈ ಮಾತನ್ನು ಹಗುರವಾಗಿ ತಳ್ಳಿಹಾಕುವವನು ನಾನಲ್ಲ. ಕೃಷ್ಣೆಯ ದಂಡೆಯ ಈ ಊರುಗಳಲ್ಲಿ ರೈತನಿಗೆ ಆಳಿನ ಅಭಾವ ನಿಜವಾಗಿಯೂ ಇದೆ. ಸೋಯಾಬೀನ್ ಬಿತ್ತಿ ಇಪ್ಪತ್ತು ದಿನಕ್ಕೆ ಕಳೆ ತೆಗೆಯದಿದ್ದರೆ ಬೆಳೆ ಕಳೆಯದೇ ಆಗುತ್ತದೆ. ಕಬ್ಬು ಕಡಿದು ಹೊಲದಲ್ಲೇ ಬಿದ್ದರೆ ದಿನ ಕಳೆದಂತೆ ತೂಕವೂ ಸಕ್ಕರೆಯೂ ಇಳಿಯುತ್ತವೆ. ಅಂಥ ರೈತನ ಕಣ್ಣಿಗೆ ಮರದ ನೆರಳಿನಲ್ಲಿ ಇಸ್ಪೀಟು ಆಡುವ ಪಗಾರದ ಮನುಷ್ಯ ಚುಚ್ಚುವುದು ಸಹಜ. ಸಿಟ್ಟಿಗೆ ಕಾರಣವಿದೆ ಎಂದ ಮಾತ್ರಕ್ಕೆ ಅದರಿಂದ ಹುಟ್ಟಿದ ತರ್ಕ ಸರಿಯಾಗುವುದಿಲ್ಲ. ನನ್ನ ತಕರಾರು ತರ್ಕದ ಮೇಲೆ.

ರಿಟೆನ್ಷನ್ ಭತ್ಯೆ ಕಾರ್ಖಾನೆಯವರ ಔದಾರ್ಯದಿಂದ ಹುಟ್ಟಿದ್ದಲ್ಲ. 1957ರಲ್ಲಿ ಕೇಂದ್ರ ಸರ್ಕಾರ ಸಕ್ಕರೆ ಉದ್ದಿಮೆಗೆ ವೇತನ ಮಂಡಳಿ ನೇಮಿಸಿತು. ವರ್ಷದಲ್ಲಿ ಅರ್ಧ ಕಾಲ ಮಾತ್ರ ನಡೆಯುವ ಯಂತ್ರಕ್ಕೆ ವರ್ಷವರ್ಷವೂ ಬೇಕಾಗುವ ಮನುಷ್ಯನನ್ನು ಉಳಿಸಿಕೊಳ್ಳುವುದು ಹೇಗೆ ಎಂಬ ಪ್ರಶ್ನೆ ಈ ಉದ್ದಿಮೆಯಷ್ಟೇ ಹಳೆಯದು. ಆ ಮಂಡಳಿಯೂ ಒಪ್ಪಿದ ಉತ್ತರ ಈ ಭತ್ಯೆ: ಕುಶಲನಿಗೆ ಹೆಚ್ಚು, ಅರೆಕುಶಲನಿಗೆ ಕಡಿಮೆ, ಬರೀ ಮೈಕೆಲಸದವನಿಗೆ ಇನ್ನೂ ಕಡಿಮೆ. ಪೂರ್ಣ ಪಗಾರ ಯಾರಿಗೂ ಇಲ್ಲ. 2019ರ ವೇತನ ಸಂಹಿತೆಯಂತೂ ವೇತನದ ವ್ಯಾಖ್ಯೆಯೊಳಗೆ ಮೂಲವೇತನ, ತುಟ್ಟಿಭತ್ಯೆಗಳ ಪಕ್ಕದಲ್ಲೇ ಈ ಭತ್ಯೆಯನ್ನು ಹೆಸರಿಟ್ಟು ಸೇರಿಸಿದೆ. ಕಾನೂನಿನ ದೃಷ್ಟಿಯಲ್ಲಿ ಅದು ದಾನವಲ್ಲ, ಸಂಬಳ. ಮುಂದಿನ ನವೆಂಬರಿಗೆ ನೀನು ನನ್ನಲ್ಲಿಗೇ ಬರಬೇಕು, ಬೇರೆ ಕಾರ್ಖಾನೆಯ ಗೇಟು ಹಿಡಿಯಬಾರದು ಎಂಬ ಕರಾರಿಗೆ ಕೊಡುವ ಬೆಲೆ.

ಆ ಬೆಲೆ ಯಾಕೆ ಕೊಡುತ್ತಾರೆಂದು ತಿಳಿಯಬೇಕಾದರೆ ಹಂಗಾಮಿನ ನಡುವೆ ಒಮ್ಮೆ ಕಾರ್ಖಾನೆಯ ಪ್ಯಾನ್ ಹತ್ತಿರ ಹೋಗಿ ನಿಲ್ಲಬೇಕು. ಕುದಿಯುವ ಪಾಕದಿಂದ ಪ್ಯಾನ್‌ಮನ್ ಒಂದು ಹನಿ ತೆಗೆಯುತ್ತಾನೆ, ಗಾಜಿನ ಪಟ್ಟಿಯ ಮೇಲೆ ಸವರಿ ದೀಪಕ್ಕೆ ಹಿಡಿಯುತ್ತಾನೆ. ಕಣ ಕಟ್ಟಿದೆಯೇ, ಒಂದೇ ಗಾತ್ರದಲ್ಲಿದೆಯೇ, ನಡುವೆ ಹುಡಿಕಣ ಎದ್ದಿದೆಯೇ ಎಂಬುದನ್ನು ಆ ಒಂದು ನೋಟದಲ್ಲಿ ಹೇಳುತ್ತಾನೆ. ಒಂದು ಪ್ಯಾನ್ ಕೆಟ್ಟರೆ ಟನ್ನುಗಟ್ಟಲೆ ಮಾಲು ಮತ್ತೆ ಕರಗಿಸಬೇಕು. ಈ ಕಣ್ಣು ಐಟಿಐ ಸರ್ಟಿಫಿಕೇಟಿನಿಂದ ಬರುವುದಿಲ್ಲ, ಹತ್ತಾರು ಹಂಗಾಮಿನಿಂದ ಬರುತ್ತದೆ. ಬೆಳಗಾವಿ ಜಿಲ್ಲೆಯೊಂದರಲ್ಲೇ ಎರಡು ಡಜನ್ನಿಗೂ ಮಿಕ್ಕಿ ಸಕ್ಕರೆ ಕಾರ್ಖಾನೆಗಳಿವೆ. 1939ರಲ್ಲಿ ಶುರುವಾದ ಉಗಾರದ ಕಂಪನಿಯಿಂದ ಹಿಡಿದು ಮೊನ್ನೆ ಮೊನ್ನೆ ಎದ್ದವರೆಗೆ ಎಲ್ಲರಿಗೂ ಇಂಥ ಕಣ್ಣು ಬೇಕು. ಹಾಗಾಗಿ ಪ್ಯಾನ್‌ಮನ್ ಮೇ ತಿಂಗಳಲ್ಲಿ ಸುಮ್ಮನೆ ಕೂತದ್ದಕ್ಕೆ ಕೊಡುವ ದುಡ್ಡು ಎನ್ನುವುದು ಲೆಕ್ಕವನ್ನು ಉಲ್ಟಾ ಓದಿದಂತೆ. ಕೊಡುವುದು ನವೆಂಬರಿಗೆ, ತಲುಪುವುದು ಮೇಗೆ.

ಎಲ್ಲರೂ ಕೂತಿರುತ್ತಾರೆ ಎಂಬುದೂ ಅರ್ಧ ಸತ್ಯವೇ. ಮಿಲ್ಲಿನ ರೋಲರ್ ಬಿಚ್ಚಿ ಹಲ್ಲು ಕಟ್ಟುವುದು, ಇವ್ಯಾಪೊರೇಟರ್ ಕೊಳವೆಗಳ ಗಟ್ಟು ಕೆರೆಯುವುದು, ಬಾಯ್ಲರ್ ತಪಾಸಣೆಗೆ ಅಣಿ ಮಾಡುವುದು, ಇವೆಲ್ಲ ನಡೆಯುವುದು ಬಂದ್ ಇರುವ ಕಾರ್ಖಾನೆಯೊಳಗೇ. ಹೊರಗೆ ಉಳಿದವರಲ್ಲಿಯೂ ಬಹುತೇಕರು ರೈತರ ಮಕ್ಕಳು. ಎಕರೆಯೋ ಎರಡೆಕರೆಯೋ ಇರುವವರು ತಮ್ಮ ಹೊಲದಲ್ಲೇ ಇರುತ್ತಾರೆ. ಕಟ್ಟೆಯ ಮೇಲಿನ ಆರು ಮಂದಿಯನ್ನು ನೋಡಿ ಆರುನೂರು ಮಂದಿಯ ಬಗ್ಗೆ ತೀರ್ಪು ಕೊಡುವುದು ನಮ್ಮ ಊರಿನ ಹಳೇ ಚಾಳಿ.

ಇನ್ನು ಈ ವಾದದ ಬುಡವನ್ನೇ ಅಲುಗಿಸುವ ಸಂಗತಿ ಪಂಚಾಂಗದ್ದು. ನಮ್ಮ ಸೀಮೆಯಲ್ಲಿ ಆಳಿಗಾಗಿ ನಿಜವಾದ ಹೊಡೆದಾಟ ಯಾವಾಗ? ನವೆಂಬರಿನಿಂದ ಫೆಬ್ರವರಿ–ಮಾರ್ಚಿನವರೆಗೆ, ಕಬ್ಬು ಕಡಿಯುವಾಗ. ಆಗ ಕಾರ್ಖಾನೆಯ ನೌಕರ ಕಾರ್ಖಾನೆಯೊಳಗೆ ಮೂರು ಪಾಳಿಯಲ್ಲಿ ದುಡಿಯುತ್ತಿರುತ್ತಾನೆ. ಆತ ಬಿಡುವಾಗುವ ಹೊತ್ತಿಗೆ ಕಬ್ಬಿನ ಹೊಲದಲ್ಲಿ ಉಳಿದಿರುವುದು ಕೂಳೆಗೆ ನೀರು ಹಾಯಿಸುವುದು, ಒಣ ಗರಿಯ ರವದಿ ಸಾಲಿಗೆ ಎಳೆಯುವುದು. ಜೂನ್–ಜುಲೈನ ಕಳೆ ಕೆಲಸಕ್ಕೆ ಜನ ಬೇಕು, ಒಪ್ಪುತ್ತೇನೆ. ಆದರೆ ಆ ಕೆಲಸವನ್ನು ಇಲ್ಲಿಯವರೆಗೂ ಹೆಣ್ಣಾಳಿಗೇ ಮೀಸಲಿಟ್ಟು, ಗಂಡಾಳಿಗಿಂತ ಕಡಿಮೆ ಕೂಲಿ ಕೊಟ್ಟು ಮಾಡಿಸಿಕೊಂಡವರು ನಾವೇ. ಪ್ಯಾನ್‌ಮನ್ನನನ್ನು ಕರೆಯುವ ರೈತ ಹೆಣ್ಣಾಳಿನ ಕೂಲಿಗೇ ಕರೆಯುತ್ತಾನೆ. ಆತ ಬರದಿದ್ದರೆ ಸೋಮಾರಿ ಎನ್ನುತ್ತಾನೆ. ಜುಲೈ ಕೊನೆ, ಆಗಸ್ಟ್ ಬಂತೆಂದರೆ ದಂಡೆಯ ಊರುಗಳಿಗೆ ಹೊಳೆಯ ಭಯ. 2005, 2019, 2021 ನೆನಪಿರುವವರಿಗೆ ಆ ದಿನಗಳಲ್ಲಿ ಖಾಲಿ ಕೂತವರು ಯಾರೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇಲ್ಲಿ ನನ್ನ ಎದುರಾಳಿಗಳ ಅತಿ ಗಟ್ಟಿ ಆಕ್ಷೇಪವನ್ನು ಮರೆಮಾಚಿ ಮುಂದೆ ಹೋಗುವುದು ಸರಿಯಲ್ಲ. ಚಿಕ್ಕೋಡಿಯ ದೂಧಗಂಗಾ ಕೃಷ್ಣಾ, ನಿಪ್ಪಾಣಿಯ ಹಾಲಸಿದ್ಧನಾಥ ಸಹಕಾರಿ ಕಾರ್ಖಾನೆಗಳು. ಷೇರುದಾರ ರೈತ ಅಲ್ಲಿ ಮಾಲೀಕ. ಆತ ಕೇಳುತ್ತಾನೆ: ನನ್ನ ಕಬ್ಬಿನ ದುಡ್ಡಿನಿಂದಲೇ ಈ ಭತ್ಯೆ ಹೋಗುವಾಗ, ನನ್ನ ಹೊಲಕ್ಕೆ ಕರೆಯುವ ಹಕ್ಕು ನನಗಿಲ್ಲವೇ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಉತ್ತರ ಇಲ್ಲ ಎಂಬುದೇ. ಷೇರುದಾರನಾಗಿ ಆತ ಕೊಂಡದ್ದು ನೌಕರನ ನವೆಂಬರ್. ಜೂನ್ ಬೇಕಾದರೆ ಜೂನಿನ ದರ ಬೇರೆ ಕೊಡಬೇಕು. 2025ರ ನವೆಂಬರಿನವರೆಗೆ ಜಾರಿಯಲ್ಲಿದ್ದ 1947ರ ಕೈಗಾರಿಕಾ ವಿವಾದ ಕಾಯ್ದೆಯ 25ಇ ಕಲಮು ಸೀಸನ್ ಕಾರ್ಖಾನೆಗಳಿಗೆ ನೇರವಾಗಿ ಅನ್ವಯಿಸುತ್ತಿರಲಿಲ್ಲವಾದರೂ ಅದರೊಳಗಿನ ವಿವೇಕ ಇಲ್ಲಿಗೆ ಒದಗುತ್ತದೆ. ಲೇ–ಆಫ್ ಆದ ಕೆಲಸಗಾರ ಬದಲಿ ಕೆಲಸ ನಿರಾಕರಿಸಿದರೆ ಪರಿಹಾರ ಕಳೆದುಕೊಳ್ಳುತ್ತಿದ್ದ, ನಿಜ. ಆದರೆ ಆ ಕೆಲಸ ಅದೇ ಮಾಲೀಕನದಾಗಿರಬೇಕಿತ್ತು, ಐದು ಮೈಲಿಯೊಳಗಿರಬೇಕಿತ್ತು, ಹಳೆಯ ಪಗಾರವೇ ಸಿಗಬೇಕಿತ್ತು. ಪರಿಹಾರ ಪಡೆಯುತ್ತಿದ್ದಾನೆ ಎಂಬ ಕಾರಣಕ್ಕೆ ಮನುಷ್ಯನನ್ನು ಯಾರ ಹೊಲಕ್ಕಾದರೂ ಯಾವ ದರಕ್ಕಾದರೂ ಅಟ್ಟಬಹುದೆಂದು ಆ ಕಾಯ್ದೆ ಬರೆದವರಿಗೂ ಅನಿಸಿರಲಿಲ್ಲ.

ಉದ್ಯೋಗ ಖಾತ್ರಿಯ ಬಗ್ಗೆ ಇದೇ ವಾದ ದೆಹಲಿಯವರೆಗೂ ಹೋಗಿಬಂದಿದೆ. 2011ರಲ್ಲಿ ಕೃಷಿ ಸಚಿವರಾಗಿದ್ದ ಶರದ್ ಪವಾರ್ ಬಿತ್ತನೆ, ಕಟಾವಿನ ಕಾಲಕ್ಕೆ ನರೇಗಾ ಕಾಮಗಾರಿ ನಿಲ್ಲಿಸಬೇಕೆಂದು ಕೇಳಿದ್ದರು. ಪವಾರರು ಸಕ್ಕರೆ ಸೀಮೆಯ ನಾಡಿಬಡಿತ ಬಲ್ಲವರು, ಆ ಬೇಡಿಕೆ ಎಲ್ಲಿಂದ ಹುಟ್ಟಿತೆಂದು ಊಹಿಸುವುದು ಕಷ್ಟವಲ್ಲ. ಆಗ ಅದಕ್ಕೆ ಒಪ್ಪಿಗೆ ಸಿಗಲಿಲ್ಲ. 2025ರ ಡಿಸೆಂಬರಿನಲ್ಲಿ ಸಂಸತ್ತು ಒಪ್ಪಿದ ಹೊಸ ಕಾಯ್ದೆ ಮಾತ್ರ 125 ದಿನದ ಖಾತ್ರಿಯ ಜೊತೆಗೇ ಕೃಷಿಯ ಭರಾಟೆಯ ಕಾಲದಲ್ಲಿ ಒಟ್ಟು 60 ದಿನ ಕೆಲಸ ಕೊಡಬಾರದೆಂಬ ಶರತ್ತನ್ನೂ ಸೇರಿಸಿತು. ಆಳಿಗೆ ಎರಡು ಬಾಗಿಲಿದ್ದರೆ ಕೂಲಿ ಏರುತ್ತದೆ. ಒಂದು ಬಾಗಿಲು ಮುಚ್ಚಿದರೆ ಆಳು ಸಿಗುತ್ತದೆ, ಕೂಲಿ ಕುಸಿಯುತ್ತದೆ. ಕರ್ನಾಟಕದಲ್ಲಿ 2025–26ಕ್ಕೆ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಇಷ್ಟಕ್ಕೇ ಹೊಲದ ಮಾಲೀಕ ಸೋತನೆಂದರೆ, ಅವನನ್ನು ಸೋಲಿಸಿದ್ದು ಖಾತ್ರಿಯಲ್ಲ, ಅವನು ಕೊಡುತ್ತಿದ್ದ ಕೂಲಿ. ಗೃಹಲಕ್ಷ್ಮಿಯ ವಿಷಯಕ್ಕೆ ಹೆಚ್ಚು ಮಾತು ಬೇಡ. ತಿಂಗಳಿಗೆ 2,000 ಅಂದರೆ ದಿನಕ್ಕೆ 67 ರೂಪಾಯಿ. ಅದರಿಂದ ಸೋಮಾರಿಯಾಗಬಲ್ಲ ಸಂಸಾರವಿದ್ದರೆ ತೋರಿಸಲಿ.

ಕೆಲಸವಿಲ್ಲದೆ ಪಗಾರ ಪಡೆಯುವವರನ್ನು ಹೊಲಕ್ಕೆ ಇಳಿಸುವ ಪ್ರಯೋಗವನ್ನು ಜಗತ್ತು ಮಾಡಿ ನೋಡಿಲ್ಲವೆಂದಲ್ಲ. 2020ರ ಲಾಕ್‌ಡೌನಿನಲ್ಲಿ ಬ್ರಿಟನ್ ಸರ್ಕಾರ ಮನೆಯಲ್ಲಿ ಕೂತ ನೌಕರರಿಗೆ ಸಂಬಳದ ಶೇಕಡಾ 80 ಭರಿಸುತ್ತಲೇ, ಹಣ್ಣು ತರಕಾರಿ ಕೀಳಲು ಬನ್ನಿ ಎಂದು ಕರೆ ಕೊಟ್ಟಿತು. ಯುವರಾಜ ಚಾರ್ಲ್ಸ್ ವಿಡಿಯೊ ಮಾಡಿ ಮನವಿ ಮಾಡಿದರು. ಫ್ರಾನ್ಸಿನ ಕೃಷಿ ಸಚಿವರೂ ಹಾಗೇ ಕರೆದರು. ಹೆಸರು ಕೊಟ್ಟವರಿಗೆ ಎರಡೂ ಕಡೆ ಬರವಿರಲಿಲ್ಲ, ಹೊಲದಲ್ಲಿ ಕೊನೆತನಕ ನಿಂತವರು ಅವರಲ್ಲಿ ಸಣ್ಣ ಪಾಲು. ಅದೇ ವರ್ಷದ ಏಪ್ರಿಲಿನಲ್ಲಿ ಬ್ರಿಟನ್ನಿನ ತೋಟದವರು ವಿಮಾನ ಗೊತ್ತುಮಾಡಿ ರೊಮೇನಿಯಾದಿಂದ ಪಳಗಿದ ಆಳುಗಳನ್ನು ಕರೆಸಿಕೊಂಡರು.

ಇನ್ನೂ ದೊಡ್ಡ ಪಾಠ ಕಬ್ಬಿನದೇ. 1970ರಲ್ಲಿ ಕ್ಯೂಬಾ ಒಂದು ಕೋಟಿ ಟನ್ ಸಕ್ಕರೆಯ ಪಣ ತೊಟ್ಟಿತು. ಕಚೇರಿ, ಕಾರ್ಖಾನೆ, ಸೈನ್ಯ ಎಲ್ಲೆಡೆಯಿಂದ ಜನರನ್ನು ಪಗಾರದ ಸಮೇತ ಎತ್ತಿ ಕಬ್ಬಿನ ಗದ್ದೆಗೆ ಹಾಕಿತು. ಕ್ರಿಸ್‌ಮಸ್ ರಜೆಯನ್ನೂ ಮುಂದೂಡಿದರು, ಫಿಡೆಲ್ ಕ್ಯಾಸ್ಟ್ರೊ ತಾವೇ ಕತ್ತಿ ಹಿಡಿದರು. ಬಂದ ಸಕ್ಕರೆ ಸುಮಾರು 85 ಲಕ್ಷ ಟನ್. ಅದೂ ದೊಡ್ಡ ದಾಖಲೆಯೇ, ಆದರೆ ಉಳಿದೆಲ್ಲ ಉತ್ಪಾದನೆ ಕುಸಿದು ಬಿತ್ತು. ಆ ವರ್ಷದ ಜುಲೈ 26ರಂದು ಕ್ಯಾಸ್ಟ್ರೊ ಸಾರ್ವಜನಿಕವಾಗಿ ಸೋಲೊಪ್ಪಿಕೊಂಡರು. ಲಕ್ಷಾಂತರ ಉತ್ಸಾಹಿ ಕೈಗಳಿದ್ದೂ ಯಾಕೆ ಸೋತಿತೆಂದು ನಮ್ಮ ಊರಿನ ಯಾವ ಕಬ್ಬಿನ ರೈತನೂ ಹೇಳಬಲ್ಲ.

ಯಾಕೆಂದರೆ ಕಬ್ಬು ಕಡಿಯುವುದು ಬರೀ ಮೈಕೆಲಸವಲ್ಲ. ಬಗ್ಗಿ ಬುಡವನ್ನು ನೆಲಕ್ಕೆ ಹತ್ತಿಸಿ ಕಡಿಯಬೇಕು. ನಾಲ್ಕು ಬೆರಳು ಮೇಲೆ ಬಿಟ್ಟರೆ ಹೆಚ್ಚು ಸಕ್ಕರೆ ಇರುವ ತುಂಡೇ ಹೊಲದಲ್ಲಿ ಉಳಿಯಿತು, ಕೂಳೆಯೂ ಮೇಲಿನ ಕಣ್ಣಿನಿಂದ ಬಡಕಲಾಗಿ ಒಡೆಯಿತು. ಒಂದೇ ಬೀಸಿಗೆ ಸೋಗೆ ಹಾರಿಸಬೇಕು, ಕತ್ತಿಯ ಬೆನ್ನಿನಿಂದ ರವದಿ ಸುಲಿಯಬೇಕು. ಹೊರೆ ಕಟ್ಟಿ, ತಲೆಯ ಮೇಲಿಟ್ಟು, ಟ್ರೇಲರಿಗೆ ಒರಗಿಸಿದ ಹಲಗೆ ಹತ್ತಿ ಪೇರಿಸಬೇಕು. ಇದನ್ನು ಗಂಡಹೆಂಡಿರ ಜೋಡಿ ಬೆಳಗಿನ ಚಳಿಯಲ್ಲಿ ಶುರುಮಾಡಿ, ಟ್ರ್ಯಾಕ್ಟರ್ ರಾತ್ರಿ ಹನ್ನೊಂದಕ್ಕೆ ಬಂದರೆ ಹನ್ನೊಂದಕ್ಕೂ ಮಾಡುತ್ತದೆ. ಮಹಾರಾಷ್ಟ್ರದ ಬೀಡ್ ಜಿಲ್ಲೆಯಿಂದ, ನಮ್ಮದೇ ವಿಜಯಪುರದ ತಾಂಡಾಗಳಿಂದ ಬರುವ ಈ ಟೋಳಿಗಳಿಲ್ಲದೆ ಕಾಗವಾಡ, ಅಥಣಿ, ರಾಯಬಾಗದ ಒಂದು ಚಿಮಣಿಯೂ ಹೊಗೆ ಬಿಡಲಾರದು. ಯಂತ್ರಗಳು ಬರುತ್ತಿವೆ, ನಿಜ. ಸಣ್ಣ ಹಿಡುವಳಿಗೂ ಹಸಿ ಎರೆನೆಲಕ್ಕೂ ಅವು ಇನ್ನೂ ಒಗ್ಗಿಲ್ಲ.

ಕಟ್ಟೆಯ ಮಾತು ಪೂರ್ತಿ ಮರೆತಿರುವುದು ಕಬ್ಬು ಕಡಿಯುವ ಈ ಮನುಷ್ಯನನ್ನು. ಪ್ಯಾನ್‌ಮನ್ನನಂತೆಯೇ ಈತನೂ ಅದೇ ಕಾರ್ಖಾನೆಯ ಅದೇ ಹಂಗಾಮಿನ ದುಡಿಮೆಗಾರ. ಈತನೂ ಮಾರ್ಚಿನಲ್ಲಿ ಖಾಲಿಯಾಗುತ್ತಾನೆ, ಈತನೂ ನವೆಂಬರಿಗೆ ತಪ್ಪದೆ ಬರಬೇಕು. ಹಾಗಾದರೆ ಕಾರ್ಖಾನೆ ಇವನನ್ನು ಹೇಗೆ ಹಿಡಿದಿಟ್ಟುಕೊಳ್ಳುತ್ತದೆ? ಮುಂಗಡ ಕೊಟ್ಟು. ಮಳೆಗಾಲದಲ್ಲಿ, ಮನೆಯಲ್ಲಿ ಕಾಳು ಮುಗಿಯುವ ಹೊತ್ತಿಗೆ, ಟೋಳಿ ಒದಗಿಸುವ ಮುಕಾದಮ್ ತಾಂಡಾಕ್ಕೆ ಬಂದು ಜೋಡಿಗೆ ಐವತ್ತು ಸಾವಿರವೋ ಲಕ್ಷವೋ ಎಣಿಸುತ್ತಾನೆ. ಹಂಗಾಮಿಡೀ ಕಡಿದ ಟನ್ನುಗಳಲ್ಲಿ ಅದು ತೀರಬೇಕು, ತೀರದಿದ್ದರೆ ಬಾಕಿ ಮುಂದಿನ ವರ್ಷಕ್ಕೆ. ಎರಡೂ ದುಡ್ಡಿನ ಕೆಲಸ ಒಂದೇ: ಆಫ್‌ಸೀಸನ್‌ನಲ್ಲಿ ಹೊಟ್ಟೆಗೆ ಹಾಕಿ, ಸೀಸನ್ನಿಗೆ ಮನುಷ್ಯನನ್ನು ಕಟ್ಟಿಹಾಕುವುದು. ಗೇಟಿನ ಒಳಗಿನವನಿಗೆ ಅದು ವೇತನವಾಗಿ ಬರುತ್ತದೆ, ಗೇಟಿನ ಹೊರಗಿನವನಿಗೆ ಸಾಲವಾಗಿ. ಮೊದಲನೆಯದಕ್ಕೆ ವೇತನ ಸಂಹಿತೆಯ ರಕ್ಷಣೆ ಇದೆ. ಎರಡನೆಯದು 1976ರ ಜೀತ ನಿರ್ಮೂಲನಾ ಕಾಯ್ದೆಯ ಹೊಸ್ತಿಲ ಮೇಲೆ ವರ್ಷವರ್ಷವೂ ಓಡಾಡುತ್ತದೆ.

ಈ ವ್ಯತ್ಯಾಸದ ಬೆಲೆ ಕಾಗದದ ಮೇಲಿನದಲ್ಲ. ಟೋಳಿಯಲ್ಲಿ ಒಂದು ದಿನ ಕೆಲಸ ತಪ್ಪಿದರೆ ಖಾಡಾ ಎಂದು ದಂಡ ಬೀಳುತ್ತದೆ. ಮುಟ್ಟಿನ ನೋವಿಗೂ ಬಸಿರಿಗೂ ವಿನಾಯಿತಿಯಿಲ್ಲ. 2019ರಲ್ಲಿ ಮಹಾರಾಷ್ಟ್ರ ಸರ್ಕಾರದ ಸಮಿತಿ ಬೀಡ್ ಜಿಲ್ಲೆಯ ಸುಮಾರು 82,000 ಕಬ್ಬು ಕಡಿಯುವ ಹೆಣ್ಣುಮಕ್ಕಳನ್ನು ವಿಚಾರಿಸಿದಾಗ 13,000ಕ್ಕೂ ಹೆಚ್ಚು ಮಂದಿ ಗರ್ಭಕೋಶ ತೆಗೆಸಿಕೊಂಡಿದ್ದರು. ಮರುವರ್ಷದ ಲಾಕ್‌ಡೌನಿನಲ್ಲಿ ಕಾರ್ಖಾನೆಯ ನೌಕರರು ಮನೆ ಸೇರಿದರು, ಟೋಳಿಗಳು ಊರು ಸೇರಲಾಗದೆ ಕೊಪ್ಪಿ ಗುಡಿಸಲುಗಳಲ್ಲೇ ಸಿಕ್ಕಿಕೊಂಡವು. ಗಡಿಯ ಎರಡೂ ಬದಿಗೆ ಆಗ ಪೊಲೀಸರು ನಿಂತಿದ್ದರು.

ಹಾಗಾಗಿ ಪಗಾರ ಪಡೆದು ಕೂತವನನ್ನು ಹೊಲಕ್ಕೆ ಇಳಿಸಬೇಕೇ ಎಂಬ ಪ್ರಶ್ನೆ ನನಗೆ ತಪ್ಪು ಕಡೆಯಿಂದ ಹಿಡಿದ ಪ್ರಶ್ನೆಯಾಗಿ ಕಾಣುತ್ತದೆ. ಇಷ್ಟಪಟ್ಟು, ಸರಿಯಾದ ಕೂಲಿಗೆ, ಭತ್ಯೆಗೆ ಕತ್ತರಿ ಬೀಳದಂತೆ ಯಾರಾದರೂ ಹೋದರೆ ಬೇಡವೆನ್ನಲು ನಾನು ಯಾರು? ಹೋಗಲೆಂದೇ ಹೇಳುತ್ತೇನೆ. ಆದರೆ ಕೇಳಬೇಕಾದದ್ದು, ಹೊಲದಲ್ಲಿ ಈಗಾಗಲೇ ದುಡಿಯುವವನು ಖಾಲಿ ಕೂತಾಗ ಅವನಿಗೆ ಪಗಾರ ಯಾಕಿಲ್ಲ ಎಂದು.

ಈ ಮಾತಿನಲ್ಲಿ ಕಾರ್ಮಿಕ ಸಂಘಗಳನ್ನೂ ಸುಮ್ಮನೆ ಬಿಡಲಾರೆ. ರಿಟೆನ್ಷನ್ ಬಾಕಿಗಾಗಿ ಗೇಟಿನೆದುರು ಧರಣಿ ಕೂತ ಮುಖಂಡರ ಭಾಷಣ ಕೇಳಿದ್ದೇನೆ, ಚಪ್ಪಾಳೆಯನ್ನೂ ತಟ್ಟಿದ್ದೇನೆ. ಆದರೆ ಅದೇ ಗೇಟಿನ ಹೊರಗೆ ರವದಿಯ ಕೊಪ್ಪಿ ಹಾಕಿಕೊಂಡ ಜನರ ಹೆಸರು ಆ ಬೇಡಿಕೆಪಟ್ಟಿಗಳಲ್ಲಿ ನನಗೆ ಸಿಕ್ಕಿಲ್ಲ. ಅವರು ನಮ್ಮವರಲ್ಲ, ಮುಕಾದಮ್‌ನವರು ಎಂಬ ಕಾರ್ಖಾನೆಯ ವಾದವನ್ನೇ ಸಂಘವೂ ಕಂಠಪಾಠ ಮಾಡಿದೆ. ಟೋಳಿ ಗೊತ್ತುಮಾಡುವುದು ಕಾರ್ಖಾನೆಯ ದುಡ್ಡು, ಯಾರ ಹೊಲಕ್ಕೆ ಎಂದು ಹೇಳುವುದು ಕಾರ್ಖಾನೆಯ ಸ್ಲಿಪ್ ಬಾಯ್, ಕಟಾವಿನ ಲೆಕ್ಕ ಇಡುವುದು ಕಾರ್ಖಾನೆಯ ತೂಕದ ಕಾಟಾ. ಮನುಷ್ಯ ಮಾತ್ರ ಕಾರ್ಖಾನೆಯವನಲ್ಲ! ನಿಪ್ಪಾಣಿಯ ತಂಬಾಕು ವಖಾರಿಗಳ ಹೆಣ್ಣುಮಕ್ಕಳು 1980ರ ಸುಮಾರಿಗೆ ಸಂಘ ಕಟ್ಟುವ ಮೊದಲು ಅವರ ಬಗ್ಗೆಯೂ ಇಂಥದೇ ಮಾತಿತ್ತು. ಅವರ ಹೋರಾಟದ ಮೇಲೆ 1982ರಲ್ಲಿ ಯುಗಾಂತರ ಬಳಗ ಸಿನಿಮಾ ಮಾಡಿತು. ಆ ನೆನಪು ಈ ಸೀಮೆಯ ಸಂಘಗಳಿಗೆ ಇಷ್ಟು ಬೇಗ ಮಾಸಬಾರದಿತ್ತು.

ದುಡ್ಡು ಎಲ್ಲಿಂದ ಎಂದು ಕೇಳುತ್ತಾರೆ, ಕೇಳಲೇಬೇಕು. ಮಹಾರಾಷ್ಟ್ರದಲ್ಲಿ ಗೋಪಿನಾಥ ಮುಂಡೆ ಹೆಸರಿನ ಕಬ್ಬು ಕಡಿಯುವವರ ಕಲ್ಯಾಣ ನಿಗಮಕ್ಕೆ ಕಾರ್ಖಾನೆಗಳಿಂದ ಟನ್ನಿಗೆ 10 ರೂಪಾಯಿ ಪಡೆಯುವ ಏರ್ಪಾಡಿದೆ. ದಾರಿ ಸರಿ, ಮೊತ್ತ ಸಾಲದು. ಜೋಡಿಯೊಂದು ದಿನಕ್ಕೆ ಎರಡು ಟನ್ ಕಡಿಯುತ್ತದೆಂದು ಹಿಡಿಯಿರಿ. 110 ದಿನಕ್ಕೆ 220 ಟನ್ ಆಯಿತು. ಟನ್ನಿಗೆ 10 ಎಂದರೆ ಜೋಡಿಗೆ ವರ್ಷಕ್ಕೆ 2,200 ರೂಪಾಯಿ. ಅದರಲ್ಲಿ ಏಳೆಂಟು ತಿಂಗಳ ಆಫ್‌ಸೀಸನ್ ಕಳೆಯಲಾಗದು, ಮುಕಾದಮ್‌ನ ಕೈಯಿಂದ ಬಿಡಿಸಿಕೊಳ್ಳಲಂತೂ ಆಗದು. 50 ಮಾಡಿದರೆ 11,000. ಅದೂ ಧಾರಾಳವೇನಲ್ಲ, ಆದರೆ ಮಳೆಗಾಲದಲ್ಲಿ ಮುಕಾದಮ್ ಬಂದಾಗ ತೆಗೆದುಕೊಳ್ಳುವ ಸಾಲ ಅಷ್ಟಾದರೂ ಕಡಿಮೆಯಾಗುತ್ತದೆ. ಒಂದು ಟನ್ ಕಬ್ಬಿನಿಂದ ನೂರು ಕಿಲೊ ಮೇಲೆ ಸಕ್ಕರೆ ಬರುತ್ತದೆ, ಹೀಗಾಗಿ ಹೊರೆ ಕಿಲೊಗೆ 50 ಪೈಸೆಯೊಳಗೇ.

ಟನ್ನಿಗೆ 50 ರೂಪಾಯಿ ಕೊಟ್ಟರೆ ಕಾರ್ಖಾನೆ ಮುಳುಗುತ್ತದೆ ಎನ್ನುವವರಿಗೆ 2025ರ ನವೆಂಬರ್ ನೆನಪಿಸಬೇಕು. ಮೂಡಲಗಿ ತಾಲ್ಲೂಕಿನ ಗುರ್ಲಾಪುರದಲ್ಲಿ ರೈತರು ರಸ್ತೆಯಲ್ಲಿ ಕೂತ ಮೇಲೆ, 3,200ರ ಮೇಲೆ ಕಾರ್ಖಾನೆಗಳು 50, ಸರ್ಕಾರ 50 ಸೇರಿಸಿ ದರ 3,300ಕ್ಕೆ ಬಂತು. ಆ ಹೋರಾಟ ನ್ಯಾಯವಾದದ್ದು, ರೈತ ಗೆದ್ದದ್ದು ನನಗೂ ಸಂತೋಷವೇ. ಟೋಳಿಯವನಿಗೆ ಸಲ್ಲಬೇಕಾದ 50ನ್ನು ರೈತನ ಬಿಲ್ಲಿನ ಕಟಾವು–ಸಾಗಣೆ ಕಾಲಮ್ಮಿನಲ್ಲಿ ತಂದು ಹಾಕಿದರೆ ಮಾತ್ರ ನಾನೂ ರೈತನ ಜೊತೆಗೇ ರಸ್ತೆಗೆ ಬರುತ್ತೇನೆ. ಅದು ಪ್ಯಾನ್‌ಮನ್ನನ ರಿಟೆನ್ಷನ್ ಬರೆಯುವ ವೇತನದ ಖಾತೆಯಲ್ಲೇ ಬರಬೇಕು, ಕಡಿಯುವವನ ಹೆಸರಿನಲ್ಲಿ, ಹೆಂಡತಿಯ ಪಾಲು ಹೆಂಡತಿಯ ಬ್ಯಾಂಕ್ ಪುಸ್ತಕಕ್ಕೆ, ಮುಕಾದಮ್‌ನ ಕೈ ಮುಟ್ಟದೆ.